ಶಾಸನ, ವೀರಗಲ್ಲಿನ ಫೋಟೋಗೆ ಡಿಎಸ್‌ಎಲ್‌ಆರ್ ಬೇಕಾ, ಸಣ್ಣ ಕ್ಯಾಮೆರಾ ಸಾಕಾ?

ಯಲಹಂಕದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಐದು ವರ್ಷದಿಂದ ಭಾನುವಾರ ಬಂತೆಂದರೆ ಬಸ್ಸು ಹಿಡಿದು ಬೆಂಗಳೂರಿನ ಸುತ್ತಲ ಹಳ್ಳಿಗಳಿಗೆ ಹೋಗಿ ವೀರಗಲ್ಲು, ಶಾಸನದ ಕಲ್ಲು ಹುಡುಕಿ ಫೋಟೋ ತೆಗೆಯುತ್ತಿದ್ದೇನೆ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವೇ ನನಗೆ ದಾರಿ ತೋರಿಸುವುದು. ಇಂಥ ಊರು, ಕೆರೆಯ ಹತ್ತಿರ, ಗುಡಿಯ ಮುಂದೆ ಎಂದು ಅದರಲ್ಲಿರುವ ಗುರುತು ಹಿಡಿದು ಹೋಗುತ್ತೇನೆ. ಕೆಲವು ಕಲ್ಲು ಸಿಗುತ್ತವೆ. ಕೆಲವು ಕಡೆ ಅಪಾರ್ಟ್‌ಮೆಂಟಿನ ಕಾಂಪೌಂಡು ಸಿಗುತ್ತದೆ.

ಇಷ್ಟು ದಿನ ಫೋನಿನಲ್ಲೇ ತೆಗೆಯುತ್ತಿದ್ದೆ. ಈಗ ಯಾಕೆ ಕ್ಯಾಮೆರಾ ಅಂದರೆ, ಹೋದ ವರ್ಷ ಜಾಲ ಹೋಬಳಿ ಕಡೆ ಒಂದು ಹಳ್ಳಿಯಲ್ಲಿ ರಸ್ತೆ ಪಕ್ಕ ಮೊಣಕಾಲೆತ್ತರದ ಕಲ್ಲೊಂದಿತ್ತು. ಐದು ಸಾಲು ಬರಹ. ನಾಲ್ಕು ಫೋಟೋ ತೆಗೆದುಕೊಂಡು ಬಂದೆ. ಮೂರು ತಿಂಗಳು ಬಿಟ್ಟು ಹೋದರೆ ರಸ್ತೆ ಅಗಲ ಮಾಡಿದ್ದರು, ಕಲ್ಲಿರಲಿಲ್ಲ. ಜೆಸಿಬಿ ಬಂದಿತ್ತು, ಮಣ್ಣಿನ ಜೊತೆ ಹೋಯಿತು ಅಂದರು ಊರಿನವರು. ಈಗ ಆ ಐದು ಸಾಲಿಗೆ ಉಳಿದಿರುವುದು ನನ್ನ ನಾಲ್ಕು ಫೋಟೋ ಮಾತ್ರ. ಅದರಲ್ಲಿ ಮೂರನೇ ಸಾಲನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಓದಲಾಗುತ್ತಿಲ್ಲ. ಹಿಟ್ಟು ಮೆತ್ತಿದ ಹಾಗೆ ಕಾಣುತ್ತದೆ. ಆವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಎಲ್ಲಾ ಸೇರಿ 40,000 ರೂಪಾಯಿ ಇಟ್ಟುಕೊಂಡಿದ್ದೇನೆ. ಅಂಗಡಿಯಲ್ಲಿ ಕ್ಯಾನನ್ 1500ಡಿ ಎಂಬ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾ), 18-55 ಲೆನ್ಸ್ ಜೊತೆ ತಗೊಳ್ಳಿ ಎಂದರು. ಅಕ್ಕನ ಮಗ, ಅದನ್ನು ನೀವು ಎರಡು ವಾರ ಹೊತ್ತು ಬೀರುವಿನಲ್ಲಿ ಇಡ್ತೀರಿ ಮಾಮ, ಸೆಕೆಂಡ್ ಹ್ಯಾಂಡ್ ಜಿ7ಎಕ್ಸ್ ಮಾರ್ಕ್ 2 ನೋಡಿ, ಕ್ಯಾನನ್ನಿನದೇ ಜೇಬಿಗೆ ಹಿಡಿಯುವ ಸಣ್ಣ ಕ್ಯಾಮೆರಾ ಅನ್ನುತ್ತಾನೆ. ಮದುವೆ, ಹಕ್ಕಿ, ವಿಡಿಯೋ ಯಾವುದೂ ನನಗೆ ಬೇಡ. ಕಲ್ಲಿನ ಮೇಲಿನ ಅಕ್ಷರ ಓದಲು ಬರಬೇಕು. ನನಗೆ 54 ವರ್ಷ, ಬಲ ಮಂಡಿ ನೋವಿದೆ, ಅರ್ಧ ಹೂತಿರುವ ಕಲ್ಲಿನ ಮುಂದೆ ಕೂತು ಏಳುವುದು ಕಷ್ಟ. ತಿಳಿದವರು ಹೇಳಿ.

ಹೆಬ್ಬಾಳ ಕೆರೆ

ಸರ್, ಯೋಚನೆ ಮಾಡದೆ ಡಿಎಸ್‌ಎಲ್‌ಆರ್ ತಗೊಳ್ಳಿ. 1500ಡಿ ಸೆನ್ಸರ್, ಅಂದ್ರೆ ಒಳಗೆ ಬೆಳಕು ಹಿಡಿಯೋ ಚಿಪ್, 22.3 x 14.9 ಮಿ.ಮೀ., ಜಿ7ಎಕ್ಸ್‌ದು 13.2 x 8.8. ಹತ್ತಿರ ಹತ್ತಿರ ಮೂರು ಪಟ್ಟು ದೊಡ್ಡದು. ಗುಡಿಯೊಳಗಿನ ಕತ್ತಲಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಬಿಸಿಲಲ್ಲಿ ಹಿಂದಿನ ಪರದೆ ಏನೂ ಕಾಣಲ್ಲ, ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಇರಲೇಬೇಕು. ಬ್ಯಾಟರಿ ಒಂದು ಚಾರ್ಜಿಗೆ 500 ಫೋಟೋ, ಜಿ7ಎಕ್ಸ್‌ನಲ್ಲಿ 265. ನಾಳೆ ಬೇರೆ ಲೆನ್ಸ್ ಬೇಕು ಅನಿಸಿದರೆ ಹಾಕಬಹುದು. ನಾನು ಎಂಟು ವರ್ಷದಿಂದ ಡಿಎಸ್‌ಎಲ್‌ಆರ್‌ನಲ್ಲೇ ಹಕ್ಕಿ ಫೋಟೋ ತೆಗೀತಿದ್ದೀನಿ, ಒಂದು ದಿನಾನೂ ಬೇಜಾರಾಗಿಲ್ಲ.

ಸ್ಟುಡಿಯೋ ಮನೆ ಹುಡುಗಿ

ಮೇಷ್ಟ್ರೇ, ಆ ಹೋದ ಕಲ್ಲಿನ ವಿಷಯ ಓದಿ ಹೊಟ್ಟೆಯೊಳಗೆ ಏನೋ ಆಯ್ತು. ಸ್ವಲ್ಪ ಉದ್ದ ಬರೀತೀನಿ.

ಮಲ್ಲೇಶ್ವರದಲ್ಲಿ ನಮ್ಮಪ್ಪನ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಫೋಟೋ, ಮದುವೆ ಎಲ್ಲಾ ಇದ್ದರೂ ಅಪ್ಪನಿಗೆ ಇಷ್ಟವಾದ ಕೆಲಸ ಅಂದ್ರೆ ಒಡವೆ ಅಂಗಡಿಯವರಿಗೆ ಒಡವೆ ಫೋಟೋ ತೆಗೆದುಕೊಡೋದು. ಕೆತ್ತನೆ ಕಾಣಬೇಕು ಅಂದ್ರೆ ಬೆಳಕು ಎದುರಿಂದ ಬೀಳಬಾರದು, ಮಗ್ಗುಲಿಂದ ಸವರಿಕೊಂಡು ಹೋಗಬೇಕು ಅಂತಿದ್ರು. ಕಲ್ಲಿಗೂ ಅದೇ ಮಾತು. ಅಕ್ಷರ ಅಂದ್ರೆ ಕಲ್ಲಿನಲ್ಲಿ ತೋಡಿದ ಹಳ್ಳ. ಆ ಹಳ್ಳದ ಒಂದು ದಡಕ್ಕೆ ಬೆಳಕು, ಇನ್ನೊಂದು ದಡಕ್ಕೆ ನೆರಳು ಬಿದ್ದರೆ ಅಕ್ಷರ. ಬೆಳಕು ನೇರ ಬಿದ್ದರೆ ಅದು ಬರೀ ಕಲ್ಲು.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ರೂಮಿನ ದೀಪ ಆರಿಸಿ, ಮೇಜಿನ ಮೇಲೆ ಸವೆದ ನಾಣ್ಯ ಇಟ್ಟು ಟಾರ್ಚನ್ನು ಮೇಲಿಂದ ಬಿಡಿ. ಆಮೇಲೆ ಟಾರ್ಚನ್ನು ನಿಧಾನಕ್ಕೆ ಇಳಿಸುತ್ತಾ ಮೇಜಿಗೆ ತಾಗುವ ಹಾಗೆ ತನ್ನಿ. ಸವೆದುಹೋಯ್ತು ಅಂದುಕೊಂಡ ಗೆರೆಗಳು ಎದ್ದು ಬರುತ್ತವೆ. ಅಷ್ಟು ವ್ಯತ್ಯಾಸವನ್ನು ಯಾವ ಸೆನ್ಸರ್ರೂ ಕೊಡಲ್ಲ.

ನಿಮ್ಮ ಫೋನು ಮೂರನೇ ಸಾಲಿಗೆ ಹಿಟ್ಟು ಮೆತ್ತಿದ ಕಾರಣಾನೂ ಇಲ್ಲೇ ಇದೆ. ಈಗಿನ ಫೋನು ಒಂದೇ ಸಲಕ್ಕೆ ಹಲವು ಫೋಟೋ ತೆಗೆದು ಕೂಡಿಸಿ, ಕತ್ತಲಿರುವ ಕಡೆ ಬೆಳಕು ಏರಿಸುತ್ತೆ. ಮುಖದ ಫೋಟೋಗೆ ಚೆನ್ನ. ಆದರೆ ನಿಮಗೆ ಬೇಕಾಗಿದ್ದೇ ಆ ಕತ್ತಲು, ಅದನ್ನೇ ಅಳಿಸಿಬಿಡುತ್ತೆ. ಆಮೇಲೆ ಕಲ್ಲಿನ ಹರಳನ್ನು ನುಣುಪು ಮಾಡಿ, ಅಂಚನ್ನು ಚೂಪು ಮಾಡುತ್ತೆ. ಬರೀ ಗುಳಿಯೊಂದು ಸೊನ್ನೆಯ ಹಾಗೆ ಕಾಣಬಹುದು. ಅದಕ್ಕೇ ರಾ ಫೈಲ್, ಅಂದ್ರೆ ಸೆನ್ಸರ್ ಕಂಡಿದ್ದನ್ನು ಹೀಗೆ ತಿದ್ದದೆ ಇಡುವ ಫೈಲ್, ಕೊಡುವ ಕ್ಯಾಮೆರಾ ಬೇಕು. ನೀವು ಹೇಳಿದ ಎರಡೂ ಕೊಡುತ್ತವೆ. ಅಗ್ಗದ ಪಾಯಿಂಟ್ ಅಂಡ್ ಶೂಟ್‌ಗಳಲ್ಲಿ ಬಹಳಷ್ಟು ಬರೀ ಜೆಪೆಗ್, ಅಂದ್ರೆ ಕ್ಯಾಮೆರಾನೇ ತಿದ್ದಿ ಕುಗ್ಗಿಸಿದ ಫೋಟೋ, ಕೊಡುತ್ತವೆ, ಅವು ಬೇಡ.

ಈಗ ಎರಡರಲ್ಲಿ ಯಾವುದು. ನಾನು ಜಿ7ಎಕ್ಸ್ ಕಡೆ.

ಮೊದಲನೆಯದು ನಿಮ್ಮ ಮಂಡಿ. 1500ಡಿ ಪರದೆ ಬೆನ್ನಿಗೆ ಅಂಟಿಕೊಂಡಿರುತ್ತೆ, ತಿರುಗಲ್ಲ. ನೆಲದಿಂದ ಒಂದಡಿ ಎತ್ತರದಲ್ಲಿರೋ ಸಾಲನ್ನು ನೇರವಾಗಿ ಹಿಡಿಯಬೇಕು ಅಂದ್ರೆ ನೀವು ಮಣ್ಣಿನ ಮೇಲೆ ಮಲಗಬೇಕು. ಹೆಬ್ಬಾಳದ ಅಣ್ಣ ಹೇಳಿದ ವ್ಯೂಫೈಂಡರ್ ಹಕ್ಕಿಗೆ ಸರಿ, ಹೂತಿರೋ ಕಲ್ಲಿಗೆ ಕೆನ್ನೆಯನ್ನು ನೆಲಕ್ಕೆ ಒತ್ತಬೇಕಾಗುತ್ತೆ. ಜಿ7ಎಕ್ಸ್ ಪರದೆ ಮೇಲಕ್ಕೆ ಮಡಚುತ್ತೆ. ಪುಟ್ಟ ಸ್ಟೂಲಿನ ಮೇಲೆ ಕೂತು, ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ ನೋಡಬಹುದು.

ಎರಡನೆಯದು, ಕಲ್ಲು ನಿಮಗಾಗಿ ನೇರ ನಿಂತಿರಲ್ಲ. ಹಿಂದಕ್ಕೆ ವಾಲಿರುತ್ತೆ, ಕೆಳಗಿನ ಸಾಲು ಹತ್ತಿರ, ಮೇಲಿನ ಸಾಲು ದೂರ. ಎರಡೂ ಸ್ಪಷ್ಟ ಬರಬೇಕು. ಸಣ್ಣ ಸೆನ್ಸರ್ ಇಲ್ಲಿ ನಿಮಗೆ ಅನುಕೂಲ. ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನೋದನ್ನು ಎಫ್ ಅಂಕಿ ಹೇಳುತ್ತೆ, ಅಂಕಿ ಹೆಚ್ಚಾದರೆ ಕಿಂಡಿ ಸಣ್ಣದು, ಹತ್ತಿರ ದೂರ ಎರಡೂ ಸ್ಪಷ್ಟ ಬರುವ ಆಳ ಹೆಚ್ಚು. ಜಿ7ಎಕ್ಸ್‌ನಲ್ಲಿ ಎಫ್/4 ಇಟ್ಟರೆ ಸಿಗುವ ಆಳ, 1500ಡಿಯಲ್ಲಿ ಸುಮಾರು ಎಫ್/7ಕ್ಕೆ ಸಿಗುವಷ್ಟು. ದೊಡ್ಡ ಸೆನ್ಸರ್ ಗೆಲ್ಲೋದು ಕೈಯಲ್ಲಿ ಹಿಡಿದು ಕತ್ತಲಲ್ಲಿ ತೆಗೆಯುವಾಗ. ಕಲ್ಲು ಓಡಿಹೋಗಲ್ಲ. ಟ್ರೈಪಾಡ್ ಹಾಕಿ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 125 ಇಟ್ಟು, ಎರಡು ಸೆಕೆಂಡ್ ಟೈಮರ್ ಹಾಕಿದರೆ ಗುಡಿಯೊಳಗೂ ಸರಿಹೋಗುತ್ತೆ.

ಡಿಎಸ್‌ಎಲ್‌ಆರ್ ಆದರೆ ಫ್ಲ್ಯಾಶನ್ನು ಕ್ಯಾಮೆರಾದಿಂದ ದೂರ ಮಗ್ಗುಲಲ್ಲಿ ಇಟ್ಟು ಟ್ರಿಗರ್‌ನಿಂದ (ದೂರದಿಂದ ಫ್ಲ್ಯಾಶ್ ಹೊತ್ತಿಸುವ ಸಾಧನ) ಹೊಡೆಯಬಹುದಲ್ವಾ ಅಂತ ಯಾರಾದರೂ ಕೇಳಬಹುದು. ಹೌದು, ಬೇರೆ ಮಾಡೆಲ್‌ಗಳಲ್ಲಿ. 1500ಡಿಯ ಫ್ಲ್ಯಾಶ್ ಕೂರಿಸೋ ಜಾಗದಲ್ಲಿ ನಡುವಿನ ಪಿನ್ನನ್ನೇ ತೆಗೆದುಬಿಟ್ಟಿದ್ದಾರೆ, ಮಾಮೂಲಿ ಅಗ್ಗದ ಟ್ರಿಗರ್ ಅದರಲ್ಲಿ ಕೆಲಸ ಮಾಡಲ್ಲ. ಅಂಗಡಿಯವರು ಇದನ್ನು ಹೇಳಿರಲ್ಲ.

ತೂಕ 1500ಡಿ ಲೆನ್ಸ್ ಸೇರಿ 675 ಗ್ರಾಂ, ಜಿ7ಎಕ್ಸ್ 319. ಉಳಿದ ಜಾಗದಲ್ಲಿ ಟ್ರೈಪಾಡ್, ಟಾರ್ಚ್, ನೀರಿನ ಬಾಟ್ಲಿ. ದುಡ್ಡಿನಲ್ಲೂ ಹಾಗೇ, ಟ್ರೈಪಾಡಿಗೆ ಮೂರು ನಾಲ್ಕು ಸಾವಿರ ತೆಗೆದಿಟ್ಟು ಮಿಕ್ಕಿದ್ದರಲ್ಲಿ ಕ್ಯಾಮೆರಾ ನೋಡಿ.

ಯಲಹಂಕದ ಮೇಷ್ಟ್ರು

ಮೇಡಂ, ನಾಣ್ಯದ ಪ್ರಯೋಗ ಮಾಡಿದೆ. ಅಮ್ಮ ಪೂಜೆ ಡಬ್ಬಿಯಲ್ಲಿ ಇಟ್ಟಿದ್ದ ಹಳೇ ಕಾಸು, ಎರಡೂ ಮುಖ ನುಣ್ಣಗಾಗಿತ್ತು. ಟಾರ್ಚ್ ಮಲಗಿಸಿದ ಕೂಡಲೇ ಅದರ ಅಂಚಿನಲ್ಲಿ ಬಳ್ಳಿಯ ಗೆರೆ ಕಂಡಿತು. ಅಮ್ಮನನ್ನು ಕರೆದು ತೋರಿಸಿದೆ.

ಒಂದು ಅನುಮಾನ. ನಾನು ಹೋಗುವುದು ಹಗಲು ಹೊತ್ತು. ಬಿಸಿಲಿನಲ್ಲಿ ಟಾರ್ಚು ಏನು ಮಾಡೀತು? ಇನ್ನೊಂದು, ಕೆಲವರು ಅಕ್ಷರಕ್ಕೆ ಸೀಮೆಸುಣ್ಣ ತುಂಬಿ ತೆಗೆಯಿರಿ ಎನ್ನುತ್ತಾರೆ. ನನಗೆ ಮನಸ್ಸು ಬರುವುದಿಲ್ಲ.

ಸ್ಟುಡಿಯೋ ಮನೆ ಹುಡುಗಿ

ಸೀಮೆಸುಣ್ಣ ಖಂಡಿತಾ ಬೇಡ ಮೇಷ್ಟ್ರೇ. ವಿಭೂತಿ, ಎಣ್ಣೆ, ಅರಿಶಿನ ಯಾವುದೂ ಬೇಡ. ಕಲ್ಲಿಗೆ ಆಗೋ ಹಾನಿ ಒಂದು ಕಡೆ. ಸುಣ್ಣ ತುಂಬುವಾಗ ನೀವು ಯಾವ ಅಕ್ಷರ ಅಂದುಕೊಂಡಿದ್ದೀರೋ ಅದನ್ನೇ ಬರೆದುಬಿಡ್ತೀರಿ. ಆಮೇಲೆ ನೋಡಿದವರು ಓದೋದು ನಿಮ್ಮ ಊಹೆಯನ್ನು. ಶಾಸನ ತಜ್ಞರು ಒದ್ದೆ ಕಾಗದ ಒತ್ತಿ ಮಸಿ ಹಚ್ಚಿ ಪಡಿಯಚ್ಚು ತೆಗೀತಾರೆ, ಅದನ್ನು ಕಲಿತವರೇ ಮಾಡಬೇಕು.

ಹಗಲಿಗೆ ಕೊಡೆ ಮತ್ತು ಕನ್ನಡಿ. ತುಂಬಾ ವರ್ಷದ ಹಿಂದೆ ಅಪ್ಪ ನನ್ನನ್ನು ಬೇಗೂರಿಗೆ ಕರ್ಕೊಂಡು ಹೋಗಿದ್ರು, ನಾಗೇಶ್ವರ ಗುಡಿ ಹತ್ತಿರ ಇರೋ, ‘ಬೆಂಗಳೂರು’ ಅನ್ನೋ ಹೆಸರಿರುವ ಕಲ್ಲು ತೋರಿಸೋಕೆ. ಕ್ರಿ.ಶ. 890ರ ಆಸುಪಾಸಿನದು. ಆಮೇಲೆ ಅಲ್ಲೇ ಹೊರಗಿದ್ದ ಇನ್ನೊಂದು ಕಲ್ಲಿನ ಹತ್ತಿರ ನಿಲ್ಲಿಸಿ ನನ್ನ ಕೈಗೆ ಕಪ್ಪು ಕೊಡೆ ಕೊಟ್ಟು, ಕಲ್ಲಿಗೆ ಪೂರ್ತಿ ನೆರಳು ಮಾಡು ಅಂದ್ರು. ತಾವು ಆರೇಳು ಅಡಿ ದೂರ ಬಿಸಿಲಲ್ಲಿ ನಿಂತು, ಶೇವಿಂಗ್ ಕನ್ನಡಿಯಲ್ಲಿ ಬಿಸಿಲು ಹಿಡಿದು ಕಲ್ಲಿನ ಮೇಲೆ ಎಡಗಡೆಯಿಂದ ಅಡ್ಡಲಾಗಿ ಹಾಯಿಸಿದ್ರು. ಬೆಳಕಿನ ಪಟ್ಟಿ ಸಾಲಿನ ಮೇಲೆ ಹರಿದ ಹಾಗೆ ಅಕ್ಷರ ಒಂದೊಂದೇ ಎದ್ದು ನಿಂತವು. ಆಗ ನನಗೆ ಹನ್ನೊಂದು ವರ್ಷ. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕ್ಯಾಮೆರಾ ಅಲುಗಿಸಬೇಡಿ. ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿ, ಬೆಳಕನ್ನು ಮಾತ್ರ ತಿರುಗಿಸಿ. ಮೇಲಿಂದ, ಎಡದಿಂದ, ಬಲದಿಂದ, ಕೆಳಗಿಂದ, ಮೂಲೆಗಳಿಂದ, ಒಟ್ಟು ಎಂಟು ಫೋಟೋ. ಅಡ್ಡ ಗೆರೆ ಕಾಣೋದು ಮೇಲಿನ ಬೆಳಕಿಗೆ, ಉದ್ದ ಗೆರೆ ಕಾಣೋದು ಪಕ್ಕದ ಬೆಳಕಿಗೆ, ಒಂದೇ ಫೋಟೋದಲ್ಲಿ ಎರಡೂ ಸಿಗಲ್ಲ. ಕಲ್ಲಿನ ಪಕ್ಕ ಒಂದು ಸ್ಕೇಲ್ ಇಡಿ. ಝೂಮನ್ನು ಪೂರ್ತಿ ಅಗಲಕ್ಕೆ ಬಿಡಬೇಡಿ, ಕಲ್ಲಿನ ಅಂಚು ಬಾಗಿದ ಹಾಗೆ ಬರುತ್ತೆ. ನಡುವೆ ಎಲ್ಲಾದರೂ ನಿಲ್ಲಿಸಿ ನೀವೇ ಒಂದು ಹೆಜ್ಜೆ ಹಿಂದೆ ಹೋಗಿ.

ಜೆ.ಸಿ. ರೋಡ್ ಮೆಕ್ಯಾನಿಕ್

ಸಾರ್, ಸೆಕೆಂಡ್ ಹ್ಯಾಂಡ್ ತಗೊಳ್ಳೋ ಹಾಗಿದ್ರೆ ಎರಡು ಮಾತು. ಹದಿನೈದು ವರ್ಷದಿಂದ ಕ್ಯಾಮೆರಾ ಬಿಚ್ಚಿ ಜೋಡಿಸ್ತಾ ಇದ್ದೀನಿ. ಈ ಸಣ್ಣ ಕ್ಯಾಮೆರಾಗಳಿಗೆ ಈಗ ಹುಡುಗರು ಮುಗಿಬಿದ್ದಿದ್ದಾರೆ, ರೇಟ್ ಏರಿದೆ, ಅವಸರ ಮಾಡಬೇಡಿ. ಕೈಗೆ ಬಂದ ತಕ್ಷಣ ಆನ್ ಆಫ್ ಹತ್ತು ಸಲ ಮಾಡಿ. ಲೆನ್ಸ್ ಹೊರಗೆ ಬರೋವಾಗ ಕರಕರ ಸದ್ದು ಬಂದರೆ, ಒಂದು ಕಡೆ ವಾಲಿದರೆ, ಬೇಡ ಅಂದುಬಿಡಿ. ಜೇಬಲ್ಲಿ ಇಟ್ಟು ಧೂಳು ಸೇರಿದ್ದು ಅಥವಾ ಬಿದ್ದಿದ್ದು ಅಂತ ಲೆಕ್ಕ. ಆಮೇಲೆ ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ, ಮೇಡಂ ಕಲ್ಲಿಗೆ ಹೇಳಿದ್ರಲ್ಲ ಹಾಗೇ. ಒಳಗಡೆ ಜೇಡರ ಬಲೆ ತರ ಎಳೆ ಕಂಡರೆ ಫಂಗಸ್, ಅಂದ್ರೆ ಬೂಷ್ಟು. ಡಿಎಸ್‌ಎಲ್‌ಆರ್‌ಗಾದರೆ ಲೆನ್ಸ್ ಬದಲಾಯಿಸಬಹುದು, ಇದರಲ್ಲಿ ಲೆನ್ಸ್ ಹೋದರೆ ಕ್ಯಾಮೆರಾನೇ ಹೋದ ಹಾಗೆ. ಎಫ್/8 ಇಟ್ಟು ಬಿಳೀ ಗೋಡೆ ಫೋಟೋ ತೆಗೆದು ಕಪ್ಪು ಚುಕ್ಕೆ ಇದೆಯಾ ನೋಡಿ, ಸೆನ್ಸರ್ ಮೇಲಿನ ಧೂಳು ಗೊತ್ತಾಗುತ್ತೆ.

ಮನೆಯಲ್ಲಿ ಚರ್ಮದ ಕೇಸಲ್ಲಿ ಮುಚ್ಚಿ ಬೀರುವಿಗೆ ಹಾಕಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ಮಳೆಗಾಲ ಮುಗಿದ ಮೇಲೆ ನನ್ನ ಹತ್ತಿರ ಬರೋದರಲ್ಲಿ ಅರ್ಧ ಫಂಗಸ್ ಕೇಸೇ.

ಹೆಬ್ಬಾಳ ಕೆರೆ

1500ಡಿ ಪಿನ್ ವಿಷಯ ನನಗೆ ಗೊತ್ತಿರಲಿಲ್ಲ, ನೋಡಿದೆ, ನಿಜ. ಪರದೆ ತಿರುಗೋ ಡಿಎಸ್‌ಎಲ್‌ಆರ್ ಬೇಕಂದ್ರೆ 200ಡಿ ಮಾರ್ಕ್ 2 ಇದೆ, ಆದರೆ ಅದಕ್ಕೆ ಸಾರ್ ಬಜೆಟ್ ಸಾಲಲ್ಲ. ಸಾರ್, ಬರೋ ಭಾನುವಾರ ಕೊಡೆ ಹಿಡಿಯೋಕೆ ಜನ ಬೇಕಿದ್ದರೆ ನಾನು ಬರ್ತೀನಿ, ನಮ್ಮ ಮನೆ ದೂರವಿಲ್ಲ.

ಯಲಹಂಕದ ಮೇಷ್ಟ್ರು

ಐದು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಪೂರಕ ಪರೀಕ್ಷೆ ಕೆಲಸವಿತ್ತು.

ಜಿ7ಎಕ್ಸ್ ಮಾರ್ಕ್ 2 ತಗೊಂಡೆ. ಮೊದಲು ನೋಡಿದ್ದರಲ್ಲಿ ಮೆಕ್ಯಾನಿಕ್ ಅವರು ಹೇಳಿದ ಎಳೆ ಇತ್ತು, ಬಿಟ್ಟು ಬಂದೆ. ಎರಡನೆಯದು ಚೊಕ್ಕವಾಗಿತ್ತು. ಹೆಚ್ಚಿಗೆ ಒಂದು ಬ್ಯಾಟರಿ, ಟ್ರೈಪಾಡ್, ಟಾರ್ಚ್ ಎಲ್ಲಾ ಸೇರಿ ಲೆಕ್ಕದೊಳಗೇ ಮುಗಿಯಿತು.

ಹೋದ ಭಾನುವಾರ ಹೆಬ್ಬಾಳದವರು ಬೈಕಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದರು. ದೊಡ್ಡಬಳ್ಳಾಪುರ ರಸ್ತೆ ಕಡೆ, ತೋಪಿನೊಳಗೆ ಒಂದು ವೀರಗಲ್ಲು. ಮೂರು ಹಂತ, ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತಿರುವುದು. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹ. ಎರಡು ವರ್ಷದ ಹಿಂದೆ ಫೋನಿನಲ್ಲಿ ತೆಗೆದಾಗ ‘ತು’ ಆದ ಮೇಲೆ ಒಂದು ಗುಳಿ, ಆಮೇಲೆ ‘ವಂ’ ಕಂಡಿತ್ತು. ಕಲ್ಲು ಸಿಡಿದಿದೆ ಎಂದು ನೋಟ್‌ಬುಕ್ಕಿನಲ್ಲಿ ಚುಕ್ಕಿ ಹಾಕಿ ಬಿಟ್ಟಿದ್ದೆ. ಈ ಸಲ ಅವರು ಕೊಡೆ ಹಿಡಿದರು, ತೋಟದ ಯಜಮಾನರ ಮೊಮ್ಮಗ ಕನ್ನಡಿ ಹಿಡಿದ. ನಾನು ಸ್ಟೂಲಿನ ಮೇಲೆ ಕೂತು ಪರದೆ ನೋಡುತ್ತಿದ್ದೆ. ಎಡದ ಬೆಳಕಿಗೆ ಏನೂ ಇಲ್ಲ. ಹುಡುಗ ಕನ್ನಡಿ ತಗೊಂಡು ಕೆಳಗಡೆಗೆ ಬಂದ ಕೂಡಲೇ ಗುಳಿಯ ಒಳಗೆ ದುಂಡನೆಯ ಗೆರೆ, ಅದರ ಕೆಳಗೆ ಕೊಂಬು. ಅದು ‘ಱು’, ಹಳಗನ್ನಡದ ಱ ಅಕ್ಷರ. ತುಱುವಂ. ಮುಂದಿನದು ತಾನಾಗಿ ಬಿಡಿಸಿಕೊಂಡಿತು, ‘ಮಗುೞ್ಚಿ’. ದನ ಹೊಡೆದುಕೊಂಡು ಹೋದವರಿಂದ ಬಿಡಿಸಿ ತಂದು ಸತ್ತವನ ಕಲ್ಲು. ಜೋರಾಗಿ ಓದಿದೆ. ಹುಡುಗ ಅಂದರೇನು ಅಂತ ಕೇಳಿದ, ಹೇಳಿದೆ. ಅವನು ಹೋಗಿ ತಾತನನ್ನು ಕರೆದುಕೊಂಡು ಬಂದ.

ಬ್ಯಾಟರಿ ಬೇಗ ಇಳಿಯುತ್ತದೆ, ಎರಡನೆಯದು ಇಲ್ಲದೆ ಹೋಗಬಾರದು. ಬಿಸಿಲಲ್ಲಿ ಪರದೆ ಕಾಣುವುದಿಲ್ಲ ಎಂದದ್ದೂ ನಿಜ, ಟವೆಲ್ಲು ತಲೆಯ ಮೇಲೆ ಹೊದ್ದುಕೊಂಡು ನೋಡಿದೆ.

ಜಾಲದ ಆ ಕಲ್ಲಿನ ನಾಲ್ಕು ಹಳೇ ಫೋಟೋ ಮತ್ತು ಈ ಕಲ್ಲಿನ ಎಂಟು ಫೋಟೋ ನಾಳೆ ಇಲ್ಲೇ ಹಾಕುತ್ತೇನೆ. ಮೇಡಂ, ಹಳೆಯದರ ಮೂರನೇ ಸಾಲನ್ನು ನೀವೂ ಒಮ್ಮೆ ನೋಡಿ. ಹೊಸದರಲ್ಲಿ ಬಲಗಡೆ ಕೊನೆಯ ಎರಡು ಅಕ್ಷರ ನನಗಿನ್ನೂ ಬಿಡಿಸಲಾಗಿಲ್ಲ, ಹಳಗನ್ನಡ ಲಿಪಿ ಬಲ್ಲವರು ಇದ್ದರೆ ಹೇಳಿ.