ಕೂದಲು ಕಸಿಯ ಬಗ್ಗೆ ಅಳಿಯನಿಗೆ ಉತ್ತರ

ಅಳಿಯ, ನಿನ್ನೆ ರಾತ್ರಿ ನೀನು ಈ ಗುಂಪಿನಲ್ಲಿ ಹಾಕಿದ ಫೋಟೋವನ್ನೂ ಪ್ರಶ್ನೆಯನ್ನೂ ನೋಡಿದೆ. ನಿನಗೀಗ 23 ವರ್ಷ. ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿದಿದೆ. ಕ್ಲಿನಿಕ್ಕಿನವರು ಕಸಿಗೆ 3,500 ಗ್ರಾಫ್ಟ್ (ತಲೆಯ ಹಿಂಭಾಗದಿಂದ ಕಿತ್ತು ನೆಡುವ, ಬುಡಸಹಿತ ಕೂದಲಿನ ಪುಟ್ಟ ತುಣುಕು) ಬೇಕಾಗುತ್ತದೆ ಎಂದಿದ್ದಾರೆ, ತಿಂಗಳೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ ಎಂದೂ ಹೇಳಿದ್ದಾರೆ. ನಾಲ್ಕು ತಿಂಗಳ ನಂತರ ಇರುವ ನಿನ್ನ ಅಕ್ಕನ ಮದುವೆಯ ಹೊತ್ತಿಗೆ ತಲೆ ತುಂಬಿರುತ್ತದೆಯೇ ಎಂದು ಕೇಳಿದ್ದೀಯೆ. ಧ್ವನಿ ಸಂದೇಶ ಕಳಿಸೋಣವೆಂದು ಎರಡು ಬಾರಿ ಶುರುಮಾಡಿ ಅಳಿಸಿದೆ. ಹೇಳಬೇಕಾದದ್ದು ಬಹಳವಿರುವುದರಿಂದ ಬರೆದೇ ಕಳಿಸುತ್ತಿದ್ದೇನೆ.

ಭಾವನವರು "ತಲೆಯೊಳಗೆ ಇರುವುದು ಮುಖ್ಯ" ಎಂದು ಬರೆದದ್ದಕ್ಕೆ ಎಲ್ಲರೂ ನಕ್ಕಿರಿ. ಭಾವ, ನಿಮಗೆ ಈ ವಯಸ್ಸಿನಲ್ಲೂ ದಟ್ಟವಾದ ಕೂದಲಿದೆ, ಆದ್ದರಿಂದ ನಿಮ್ಮ ಮಾತನ್ನು ಈ ವಿಷಯದಲ್ಲಿ ಸಾಕ್ಷಿಯಾಗಿ ಒಪ್ಪಲಾಗದು. ಹುಡುಗನ ಚಿಂತೆ ಹುಸಿಯಲ್ಲ. ಈ ಗುಂಪಿನಲ್ಲಿ ಕೆಲವರಿಗಷ್ಟೇ ಗೊತ್ತಿರುವ ಸಂಗತಿಯೆಂದರೆ, ನಾನೂ 28ನೇ ವಯಸ್ಸಿನಲ್ಲಿ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡವನು.

ಆಗ ನನಗೂ ಮುಂದಲೆಯದ್ದೊಂದೇ ಚಿಂತೆ. ಹದಿನೆಂಟರಲ್ಲಿ ಹೇಗಿತ್ತೋ ಹಾಗೆಯೇ ಕೂದಲು ಶುರುವಾಗುವ ಗೆರೆಯನ್ನು ಕೆಳಗೆ ಎಳೆಯಿರಿ ಎಂದು ನಾನು ಕೇಳಿದೆ, ಅವರು ಎಳೆದರು. ನೆಟ್ಟ ಕೂದಲು ಚೆನ್ನಾಗಿಯೇ ಬಂತು, ಇಂದಿಗೂ ಇದೆ. ಆದರೆ ಅದರ ಹಿಂದಿದ್ದ ನನ್ನ ಸ್ವಂತ ಕೂದಲು ಮುಂದಿನ ಆರೇಳು ವರ್ಷಗಳಲ್ಲಿ ಉದುರುತ್ತಾ ಹೋಗಿ, ಹಣೆಯ ಮೇಲೊಂದು ಪಟ್ಟಿ, ಅದರ ಹಿಂದೆ ಬಯಲು ಎಂಬಂತಾಯಿತು. ಆ ಬಯಲನ್ನು ಮುಚ್ಚಲು 36ರಲ್ಲಿ ಮತ್ತೊಮ್ಮೆ ಮಾಡಿಸಿಕೊಳ್ಳಬೇಕಾಯಿತು. ಈಗ ನೆತ್ತಿ ತೆಳುವಾಗುತ್ತಿದೆ, ಅಲ್ಲಿಗೆ ಕೊಡಲು ಹಿಂಭಾಗದಲ್ಲಿ ಸಾಕಷ್ಟು ಉಳಿದಿಲ್ಲ.

ಹೀಗಾಗುವುದಕ್ಕೆ ಕಾರಣವಿದೆ. ಗಂಡಸರ ಸಾಮಾನ್ಯ ಬೊಕ್ಕತಲೆಯಲ್ಲಿ ಡಿಎಚ್‌ಟಿ ಎಂಬ ಹಾರ್ಮೋನಿಗೆ ಮುಂದಲೆಯ ಮತ್ತು ನೆತ್ತಿಯ ಕೂದಲ ಬುಡಗಳು ಸೂಕ್ಷ್ಮವಾಗಿರುತ್ತವೆ, ತಲೆಯ ಹಿಂಭಾಗದ ಬುಡಗಳು ಅಷ್ಟಾಗಿ ಇರುವುದಿಲ್ಲ. ಸ್ಥಳ ಬದಲಾದರೂ ಕೂದಲು ತನ್ನ ಮೂಲ ಗುಣವನ್ನು ಬಿಡುವುದಿಲ್ಲ ಎಂಬುದನ್ನು ಅಮೆರಿಕದ ವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದರು. ಇಡೀ ಶಸ್ತ್ರಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಹಾಗಾಗಿ ನೆಟ್ಟದ್ದು ಉಳಿಯುತ್ತದೆ, ಅಕ್ಕಪಕ್ಕದ ಹಳೆಯದು ತನ್ನ ಪಾಡಿಗೆ ಉದುರುತ್ತಲೇ ಇರುತ್ತದೆ. ಕಸಿ ಕೂದಲನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಉದುರುವುದನ್ನು ನಿಲ್ಲಿಸುವುದೂ ಇಲ್ಲ; ಸಸಿಮಡಿಯಿಂದ ಕಿತ್ತು ಬೇರೆಡೆ ನಾಟಿ ಮಾಡುತ್ತದೆ, ಅಷ್ಟೆ. ಕಿತ್ತ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಹಿಂಭಾಗ ಬಿಕೋ ಎನ್ನದಂತೆ ತೆಗೆಯಬಹುದಾದದ್ದು ಹೆಚ್ಚಿನವರಲ್ಲಿ ಇಡೀ ಜೀವಮಾನಕ್ಕೆ ಐದಾರು ಸಾವಿರ ಗ್ರಾಫ್ಟ್ ಆಸುಪಾಸು. ಅದರಲ್ಲಿ 3,500 ಅನ್ನು ನೀನು 23ಕ್ಕೇ ಖರ್ಚು ಮಾಡಿದರೆ, ನಲವತ್ತರಲ್ಲಿ ನಿನ್ನ ತಲೆ ಏನು ಕೇಳುತ್ತದೋ ಅದಕ್ಕೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕು.

ಇನ್ನು ಮದುವೆಯ ವಿಷಯ. ಶಸ್ತ್ರಚಿಕಿತ್ಸೆಯಾದ ಹತ್ತು ದಿನಗಳ ಸುಮಾರಿಗೆ ಹಕ್ಕಳೆಗಳು ಬೀಳುತ್ತವೆ. ಎರಡರಿಂದ ಎಂಟು ವಾರಗಳೊಳಗೆ ನೆಟ್ಟ ಕೂದಲಿನ ಬಹುಭಾಗವೂ ಉದುರಿಹೋಗುತ್ತದೆ. ಬುಡ ಒಳಗೇ ಇರುತ್ತದಾದ್ದರಿಂದ ಗಾಬರಿಪಡಬೇಕಿಲ್ಲ, ಆದರೆ ನೋಡಲು ಮೊದಲಿಗಿಂತ ಕೆಟ್ಟದಾಗಿರುತ್ತದೆ. ಕೆಲವರಲ್ಲಿ ಸುತ್ತಲಿನ ಹಳೆಯ ಕೂದಲೂ ತಾತ್ಕಾಲಿಕವಾಗಿ ಉದುರುತ್ತದೆ. ಮೂರು ನಾಲ್ಕು ತಿಂಗಳಿಗೆ ನವಿರಾದ ಎಳೆಗಳು ಕಾಣಿಸತೊಡಗುತ್ತವೆ, ಪೂರ್ಣ ರೂಪ ಬರಲು ಒಂದು ವರ್ಷ, ನೆತ್ತಿಗಾದರೆ ಒಂದೂವರೆ ವರ್ಷವೂ ಹಿಡಿಯಬಹುದು. ಅಂದರೆ ನಿನ್ನ ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ನೀನು ಇವತ್ತಿಗಿಂತ ತೆಳುವಾದ ತಲೆಯಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು. ದಿನಾಂಕ ಕೇಳಿದ ಮೇಲೂ ಕ್ಲಿನಿಕ್ಕಿನವರು ಇದನ್ನು ನಿನಗೆ ಹೇಳಲಿಲ್ಲವೆಂದರೆ, ಮುಂಗಡ ಕಟ್ಟದಿರಲು ಅದೊಂದೇ ಕಾರಣ ಸಾಕು.

ಮೊದಲು ಚರ್ಮರೋಗ ತಜ್ಞರೊಬ್ಬರಲ್ಲಿ ಹೋಗು. ಶಸ್ತ್ರಚಿಕಿತ್ಸೆ ಮಾರುವವರಲ್ಲದಿದ್ದರೆ ಇನ್ನೂ ಒಳ್ಳೆಯದು. ಅವರು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ಯಾವ ಭಾಗದಲ್ಲಿ ಎಳೆಗಳು ಸಣ್ಣಗಾಗುತ್ತಿವೆ, ಹಿಂಭಾಗ ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಕೆಲವರಿಗೆ ಹಿಂಭಾಗವೂ ತೆಳುವಾಗುತ್ತಿರುತ್ತದೆ, ಅಂಥವರಿಗೆ ಕಸಿ ತಕ್ಕದ್ದಲ್ಲ. ಉದುರುವುದಕ್ಕೆ ಬೇರೆ ಕಾರಣವಿದೆಯೇ ಎಂದೂ ನೋಡಬೇಕು. ಜೋರು ಜ್ವರ ಬಂದುಹೋದ ಎರಡು ಮೂರು ತಿಂಗಳಿಗೆ ಉದುರುವ ಕೂದಲು ತಾನಾಗಿ ಮರಳುತ್ತದೆ. ಥೈರಾಯ್ಡ್ ತೊಂದರೆ, ಕಬ್ಬಿಣದ ಕೊರತೆ ಇವೂ ಕಾರಣವಿರಬಹುದು. ನಿನ್ನ ಫೋಟೋ ನೋಡಿದರೆ ಹಾರ್ಮೋನಿನದ್ದೇ ಎಂದು ನನಗೆ ಅನ್ನಿಸುತ್ತದೆ, ಆದರೆ ನಾನು ವೈದ್ಯನಲ್ಲ.

ಅದೇ ಎಂದು ಖಚಿತವಾದರೆ ಅವರು ಬಹುಶಃ ಮಿನಾಕ್ಸಿಡಿಲ್ ಹಚ್ಚಲು ಹೇಳುತ್ತಾರೆ, ಫಿನಾಸ್ಟರೈಡ್ ಮಾತ್ರೆಯ ಬಗ್ಗೆಯೂ ಮಾತಾಡುತ್ತಾರೆ. ಮಿನಾಕ್ಸಿಡಿಲ್ ಶುರುಮಾಡಿದ ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಬಹುದು. ನಾನು ಅದಕ್ಕೆ ಹೆದರಿ ತಿಂಗಳಿಗೇ ಬಿಟ್ಟದ್ದು ದೊಡ್ಡ ತಪ್ಪು. ಫಿನಾಸ್ಟರೈಡ್ ಹಲವರಲ್ಲಿ ಉದುರುವುದನ್ನು ತಡೆಯುತ್ತದೆ, ಆದರೆ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಮನಸ್ಸು ಕುಸಿಯುವುದು ವರದಿಯಾಗಿವೆ. ಮನೆಮಂದಿಯ ಗುಂಪಿನಲ್ಲಿ ಇದನ್ನು ಬರೆಯುವುದು ಮುಜುಗರವೇ, ಆದರೂ ಯಾರಾದರೂ ಹೇಳಲೇಬೇಕು. ವೈದ್ಯರ ಬಳಿ ಮುಚ್ಚುಮರೆಯಿಲ್ಲದೆ ಕೇಳು. ಎರಡರ ಫಲ ತಿಳಿಯಲು ಆರರಿಂದ ಹನ್ನೆರಡು ತಿಂಗಳು ಬೇಕು, ನಿಲ್ಲಿಸಿದರೆ ಉಳಿಸಿಕೊಂಡದ್ದೂ ಹೋಗುತ್ತದೆ. ಕಸಿ ಮಾಡಿಸಿಕೊಂಡರೂ ಹಳೆಯ ಕೂದಲಿಗಾಗಿ ಔಷಧಿ ಮುಂದುವರಿಸಬೇಕಾಗುತ್ತದೆ ಎಂಬುದನ್ನು ನನಗೆ ಅಂದು ಯಾರೂ ಹೇಳಲಿಲ್ಲ.

ಮಾಡಿಸಿಕೊಳ್ಳಲೇಬೇಡ ಎಂದು ನಾನು ಹೇಳುತ್ತಿಲ್ಲ. ಇದಕ್ಕೆ ಇಂಥದ್ದೇ ಎಂಬ ವಯಸ್ಸಿಲ್ಲ, ಆದರೆ ಇಪ್ಪತ್ತೈದಕ್ಕೆ ಮುಂಚೆ ಕೈಹಾಕಲು ಎಚ್ಚರವುಳ್ಳ ಶಸ್ತ್ರಚಿಕಿತ್ಸಕರು ಹಿಂಜರಿಯುತ್ತಾರೆ, ಏಕೆಂದರೆ ಬೋಳು ಎಲ್ಲಿಯವರೆಗೆ ಹೋಗುತ್ತದೆಂದು ಆಗ ಊಹಿಸಲಾಗದು. ಔಷಧಿಯ ಮೇಲೆ ಒಂದು ವರ್ಷ ಕಳೆದು, ಗೆರೆ ಸರಿಯದೆ ನಿಂತಿದೆ ಎಂದಾದಾಗ ಮಾತಾಡೋಣ. ಆಗ ಕ್ಲಿನಿಕ್ಕಿನಲ್ಲಿ ಕೇಳಬೇಕಾದದ್ದು ಯಂತ್ರದ ಹೆಸರನ್ನಲ್ಲ. ಬುಡಗಳನ್ನು ತೆಗೆಯುವವರು, ನೆಡಲು ಸೀಳು ಹಾಕುವವರು ವೈದ್ಯರೇ ಅಥವಾ ಸಹಾಯಕರೇ, ಮುಂದೆ ಇನ್ನೂ ಉದುರಿದರೆ ಯೋಜನೆ ಏನು, ಐದು ವರ್ಷದ ಹಿಂದೆ ಮಾಡಿಸಿಕೊಂಡವರು ಈಗ ಹೇಗಿದ್ದಾರೆ, ಇವನ್ನು ಕೇಳಬೇಕು. ಗೆರೆಯನ್ನು ಸ್ವಲ್ಪ ಮೇಲೆಯೇ ಇಡೋಣ ಎಂದು ನಿನ್ನೊಡನೆ ವಾದ ಮಾಡುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡ.

ಸದ್ಯಕ್ಕೆ ಇವತ್ತೇ ಒಂದು ಕೆಲಸ ಮಾಡು. ಒಣಗಿದ ಕೂದಲಿನಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ, ಮುಂದಿನಿಂದ, ಎರಡು ಪಕ್ಕದಿಂದ, ನೆತ್ತಿಯಿಂದ, ಹಿಂದಿನಿಂದ ಫೋಟೋ ತೆಗೆದಿಟ್ಟುಕೋ. ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಮತ್ತೆ ತೆಗೆ. ಮುಂಗಡದ ಬಗ್ಗೆ ಅವರು ಫೋನ್ ಮಾಡಿದರೆ ನಮ್ಮ ಮಾವ ಬೇಡವೆಂದರು ಎಂದು ನನ್ನ ಮೇಲೆ ಹಾಕಿಬಿಡು. ಮದುವೆಗೆ ಬಂದಾಗ ಕಸಿಯಿಂದ ನನ್ನ ತಲೆಯ ಹಿಂದೆ ಉಳಿದ ಉದ್ದ ಗಾಯದ ಗೆರೆಯನ್ನು ತೋರಿಸುತ್ತೇನೆ. ಫೋಟೋದಲ್ಲಿ ಅದು ಸರಿಯಾಗಿ ಕಾಣುವುದಿಲ್ಲ.