ಎಚ್‌ಟಿ-2 ಮಾದರಿ: ಮಳೆಗೆ ಬಲರೆಕ್ಕೆ ತಿರುಚಿಕೊಂಡಿದೆ

ಪ್ರಶ್ನೆ (ಹಾಸನ):
1951ರಲ್ಲಿ ಮೊದಲು ಹಾರಿದ, ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಎಂಜಿನಿಯರ್ ಘಾಟಗೆಯವರು ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನವನ್ನು ಏಳನೇ ಒಂದು ಅಳತೆಯಲ್ಲಿ ತೀರಾ ಹಗುರವಾದ ಬಾಲ್ಸಾ ಮರದಿಂದ ಕಟ್ಟುತ್ತಿದ್ದೇನೆ. ಅಸಲಿಯ ರೆಕ್ಕೆ ತುದಿಯಿಂದ ತುದಿಗೆ 10.72 ಮೀಟರ್, ನನ್ನದು 1.53. ಬಲರೆಕ್ಕೆಯನ್ನು ಜೋಡಿಸಿದ ಹಲಗೆಯಿಂದ ಬಿಡಿಸಿದಾಗ ನೇರವಾಗಿಯೇ ಇತ್ತು. ಆಷಾಢದ ಮಳೆ ಹಿಡಿದ ನಾಲ್ಕೇ ದಿನಕ್ಕೆ ತುದಿಯ ಹಿಂಬದಿ ಅಂಚು 6 ಮಿಲಿಮೀಟರ್ ಮೇಲೆದ್ದಿದೆ, ಬಿಸಿಲು ಕಂಡ ಹಪ್ಪಳದ ಹಾಗೆ. ರೆಕ್ಕೆಯ ಮೇಲಿನ ತೆಳು ಹೊದಿಕೆ ಇನ್ನೂ ಹಾಕಿಲ್ಲ. ಕತ್ತರಿಸಿ ಮತ್ತೆ ಕಟ್ಟಬೇಕೇ? ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಸಾಕು ಎನ್ನುತ್ತಾಳೆ ನನ್ನ ಹೆಂಡತಿ.

ಉತ್ತರ (ಚಿಕ್ಕಮಗಳೂರು):
ಕತ್ತರಿಸಬೇಡಿ ಸ್ವಾಮಿ. ಅಟ್ಟದ ಸಲಹೆ ಅರ್ಧ ಸರಿ, ಹೊಗೆಯೊಂದು ಬೇಡ. ರೆಕ್ಕೆಯನ್ನು ಹಲಗೆಗೆ ಗುಂಡುಸೂಜಿಗಳಿಂದ ಬಿಗಿದು, ತುದಿಯನ್ನು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಕೆಳಕ್ಕೆ ಬಗ್ಗಿಸಿ. ಉದ್ದನೆಯ ರಟ್ಟಿನ ಪೆಟ್ಟಿಗೆಯೊಳಗೆ ಮರಕ್ಕೆ ತಾಗದಂತೆ 40 ವ್ಯಾಟ್ ಬಲ್ಬು ಉರಿಸಿ, ಎರಡು ದಿನ ಬಿಡಿ. ಮುಂದೆ ಶಾಖಕ್ಕೆ ಕುಗ್ಗುವ ಹೊದಿಕೆ ಹಾಕುವಾಗ ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿದೇ ಇಸ್ತ್ರಿ ಆಡಿಸಿ. ತಣ್ಣಗಾಗುವವರೆಗೆ ಕೈ ಬಿಡಬೇಡಿ. ನಾನು ಬಿಟ್ಟು ಕೆಟ್ಟಿದ್ದೇನೆ.

ಉತ್ತರ (ಸಕಲೇಶಪುರ):
ಹಿಂಬದಿ ಅಂಚು ತುದಿಯಲ್ಲಿ ಸ್ವಲ್ಪ ಮೇಲಿರುವುದು ದೋಷವಲ್ಲ. ಇಳಿಯುವಾಗ ವೇಗ ತಗ್ಗಿದರೆ ತುದಿ ಮೊದಲು ಎತ್ತುವ ಬಲ ಕಳೆದುಕೊಳ್ಳದಂತೆ ಅದೇ ಕಾಯುತ್ತದೆ. ಆದರೆ ಎಡಕ್ಕೂ ಬಲಕ್ಕೂ ಒಂದೇ ಅಳತೆ ಇರಬೇಕು. ಎಡಗಡೆ ಅಳೆದಿರಾ?

ಪ್ರಶ್ನೆ ಕೇಳಿದವರು:
ಈಗಷ್ಟೇ ಅಳೆದೆ, 2 ಮಿಲಿಮೀಟರ್. ಬಲರೆಕ್ಕೆಯನ್ನೂ ಅಲ್ಲಿಗೇ ತರುತ್ತೇನೆ. ಬಲ್ಬು ಹಾಕಿದ ಪೆಟ್ಟಿಗೆ ನೋಡಿ, ಕೋಳಿಮರಿ ಯಾವಾಗ ತರುತ್ತೀರಿ ಎಂದು ಮಗಳು ಕೇಳುತ್ತಿದ್ದಾಳೆ.