ಬೀಡಿ, ಸಿಗರೇಟಿಗೆ ತೆರಿಗೆ ಏರಿಸಿದರೆ ಪೆಟ್ಟು ಬೀಳೋದು ಬಡವರಿಗೇ ಅಲ್ವಾ?

ದುರ್ಗದ ಹುಡುಗ:
ನಮ್ಮ ಮಾವ ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿ. ದಿನಕ್ಕೊಂದು ಕಟ್ಟು ಬೀಡಿ ಬೇಕೇ ಬೇಕು. "ಸಾಹುಕಾರನಿಗೆ ಸಿಗರೇಟಿನ ರೇಟು ಲೆಕ್ಕಕ್ಕೇ ಇಲ್ಲ, ಸರ್ಕಾರ ಕಿತ್ತುಕೊಳ್ಳೋದು ನನ್ನ ಕೂಲಿಯಲ್ಲಿ" ಅಂತ ಅವರ ವಾದ. ಮಾತಿನಲ್ಲಿ ಹುರುಳಿದೆ ಅನ್ನಿಸುತ್ತೆ. ಆರೋಗ್ಯದ ಹೆಸರು ಹೇಳಿ ಬಡವರ ಜೇಬಿಗೆ ಕೈ ಹಾಕಿದ ಹಾಗಾಗಲ್ವಾ ಇದು? ರೇಟು ಏರಿತು ಅಂತ ಯಾರಾದರೂ ನಿಜವಾಗಿ ಬಿಡುತ್ತಾರಾ?

ಮಂಡಕ್ಕಿ ಮಿರ್ಚಿ:
ಬಿಡುತ್ತಾರೆ. ಅದರಲ್ಲೂ ಕೈಯಲ್ಲಿ ಕಾಸು ಕಮ್ಮಿ ಇರುವವರೇ ಜಾಸ್ತಿ ಬಿಡುತ್ತಾರೆ, ಇಲ್ಲವೇ ಕಡಿಮೆ ಮಾಡುತ್ತಾರೆ. ಕಾರಿನಲ್ಲಿ ಬಂದು ಪ್ಯಾಕ್ ಒಯ್ಯುವವನಿಗೆ ಏನೂ ಅನ್ನಿಸಲ್ಲ, ತೆರಿಗೆ ಕಟ್ಟಿಕೊಂಡು ಸೇದುತ್ತಾನೆ. 2018ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಭಾರತವೂ ಸೇರಿ 13 ದೇಶಗಳ ಗಂಡಸರ ಲೆಕ್ಕ ಬಂದಿತ್ತು. ಸಿಗರೇಟಿನ ಬೆಲೆ ಶೇ 50 ಏರಿದರೆ ಹೆಚ್ಚುವರಿ ತೆರಿಗೆಯಲ್ಲಿ ತೀರಾ ಬಡವರ ಪಾಲು ಶೇ 10 ಅಷ್ಟೇ, ಆದರೆ ಉಳಿಯುವ ಆಯುಷ್ಯದಲ್ಲಿ ಶೇ 31, ಉಳಿಯುವ ಆಸ್ಪತ್ರೆ ಖರ್ಚಿನಲ್ಲಿ ಶೇ 29 ಅವರದೇ.

ಇನ್ನೊಂದು, ನಿಮ್ಮ ಮಾವನಿಗೆ ಹೇಳಿ: 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಸಿಗರೇಟಿಗೆ ಶೇ 40 ಅಂದಿತು, ಬೀಡಿಗೆ ಮಾತ್ರ 28ರಿಂದ 18ಕ್ಕೆ ಇಳಿಸಿತು. ಬಡವರ ಮೇಲೆ ಕನಿಕರ ಅಂತೆ! ಬೀಡಿ ಹೊಗೆಯೇನು ಸಿಗರೇಟಿನದಕ್ಕಿಂತ ಸೌಮ್ಯವಾ? ಕಾಯಿಲೆ ಬಿದ್ದರೆ ಆಯುಷ್ಮಾನ್ ಕಾರ್ಡ್ ಇದೆ, ಸರಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವ ಚಾರ್ಜು, ಜೊತೆಗೆ ಹೋದವರ ಕೂಲಿ ಯಾರು ಕೊಡುತ್ತಾರೆ?

ಗೂಡಂಗಡಿ:
ಮೇಲಿನವರು ಹೇಳಿದ್ದು ಅರ್ಧ ಸರಿ. ನಮ್ಮ ಅಂಗಡಿ ಮುಂದೆ ಒಂದು ವಾರ ನಿಂತು ನೋಡಿ. ಸಿಗರೇಟಿನ ರೇಟು ಏರಿತು ಅಂದರೆ ಕಾಲೇಜು ಹುಡುಗರು ಚಿಕ್ಕ ಸೈಜಿಗೆ ಇಳಿಯುತ್ತಾರೆ, ಗಾರೆ ಕೆಲಸದವರು ಬೀಡಿಗೆ ಬರುತ್ತಾರೆ. ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ಬ್ಯಾನ್ ಆಯಿತು. ಏನಾಯ್ತು? ಪಾನ್ ಮಸಾಲದ್ದೊಂದು ಪೌಚ್, ತಂಬಾಕಿನದೊಂದು ಪೌಚ್. ಎರಡನ್ನೂ ಹಲ್ಲಲ್ಲಿ ಹರಿದು, ಇದನ್ನು ಅದಕ್ಕೆ ಸುರಿದು, ಕುಲುಕಿ ಬಾಯಿಗೆ. ಬಿಡಿ ಸಿಗರೇಟು ಮಾರಬಾರದು ಅಂತ ರೂಲ್ ಇದೆ, ಎಲ್ಲಿ ನಡೆಯುತ್ತೆ ಹೇಳಿ. ಒಂದೊಂದೇ ಕೊಳ್ಳುವವನಿಗೆ ಏರಿಕೆ ಗೊತ್ತೇ ಆಗಲ್ಲ, ಅದೂ ಉದ್ರಿ ಬರೆಸಿದರೆ ಕೇಳಲೇಬೇಡಿ. ಏರಿಸುವುದಾದರೆ ಬೀಡಿ, ಸಿಗರೇಟು, ಜಗಿಯುವ ತಂಬಾಕು ಎಲ್ಲಕ್ಕೂ ಒಟ್ಟಿಗೆ ಏರಿಸಲಿ. ನನ್ನ ವ್ಯಾಪಾರ ಕಮ್ಮಿ ಆಗುತ್ತೆ, ಆಗಲಿ, ಮಂಡಕ್ಕಿ ಚೌಚೌ ಮಾರುತ್ತೇನೆ.

ಬೀಡಿ ಕಟ್ಟುವವರ ಮಗಳು:
ಬೀಡಿ ತೆರಿಗೆ ಏರಿಸುವ ಮಾತು ಬಂದಾಗಲೆಲ್ಲ ನಮ್ಮಮ್ಮನಂಥವರನ್ನು ಮುಂದೆ ನಿಲ್ಲಿಸುತ್ತಾರೆ, ಲಾಭ ಮಾತ್ರ ಬೇರೆಯವರಿಗೆ. ಅಮ್ಮ ನೆನೆಸಿದ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತಿ, ಸಾವಿರದ ಲೆಕ್ಕಕ್ಕೆ ಕೊಟ್ಟರೆ ಕಂಟ್ರಾಕ್ಟರ್ ಒಂದು ಹಿಡಿ ತೆಗೆದು "ಇವು ಸರಿ ಇಲ್ಲ" ಅಂತ ಪಕ್ಕಕ್ಕಿಟ್ಟು ಅಷ್ಟರ ಕೂಲಿ ಹಿಡಿಯುತ್ತಾನೆ. ಆ ಪುಡಿಯ ಘಾಟಿಗೆ ಮನೆಯಲ್ಲಿ ಎಲ್ಲರಿಗೂ ಕೆಮ್ಮು. ತೆರಿಗೆ ಏರಲಿ, ಆದರೆ ಆ ದುಡ್ಡಲ್ಲಿ ಮೊದಲು ಈ ಹೆಂಗಸರಿಗೆ ಬೇರೆ ಕೆಲಸ ಕೊಡಲಿ. ಅದಿಲ್ಲದೆ ಏರಿಸಿದರೆ ನಾನೇ ವಿರೋಧಿಸುತ್ತೇನೆ.

ದುರ್ಗದ ಹುಡುಗ:
ತೆರಿಗೆ ಇಳಿದಿದ್ದು ಹೇಳಿದೆ. "ಹಾಗಾದ್ರೆ ಕಟ್ಟಿನ ರೇಟು ಯಾಕೆ ಇಳಿದಿಲ್ಲ?" ಅಂದರು ಮಾವ. ಬಿಡಬೇಕು ಅಂತ ಮನಸ್ಸಂತೂ ಇದೆ, ಬೆಳಗ್ಗೆ ಲೋಡ್ ಇಳಿಸುವ ಹೊತ್ತಿಗೆ ಆಗ್ತಿಲ್ಲವಂತೆ.

ಮಂಡಕ್ಕಿ ಮಿರ್ಚಿ:
ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿಸಿ, ದುಡ್ಡು ಬೇಕಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಆ ಬೆಳಗಿನ ಬೀಡಿ ವಿಷಯವನ್ನೇ ಮೊದಲು ಹೇಳಲಿ.